ನನ್ನ ಸೊಂಟ, ಅವರ ಹೊಟ್ಟೆ

ಮಾಸ್ತಿಗೆ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ ನಾನು ಬೆಳೆದೆ. ಮನೆಯಲ್ಲಿ ಎಲ್ಲರೂ ತೆಳ್ಳಗಿದ್ದರು. ನಾನೊಬ್ಬಳು ದಪ್ಪ. ಅದೂ ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿ ಅಲ್ಲ. ಮುಖ, ಕತ್ತು, ಹೊಟ್ಟೆ ಎಲ್ಲರ ಹಾಗೆಯೇ ಇದ್ದವು. ಸೊಂಟದಿಂದ ಕೆಳಗೆ ಮಾತ್ರ ಬೇರೆ ಯಾರದೋ ಮೈಯನ್ನು ತಂದು ಜೋಡಿಸಿದಂತಿತ್ತು. ನಾನು ನಡೆದರೆ ಲಂಗ ಎರಡೂ ಕಡೆಗೆ ಬೀಸುತ್ತಿತ್ತು. ಅಜ್ಜಿ ಅದನ್ನು ನೋಡಿ ನಗುತ್ತಿದ್ದಳು, ಆಮೇಲೆ ಯೋಚನೆಗೆ ಬೀಳುತ್ತಿದ್ದಳು.

ವರ್ಷಕ್ಕೊಮ್ಮೆ ಮುಳಬಾಗಿಲು ಕಡೆಯಿಂದ ನಾಡಿ ನೋಡುವ ಪಂಡಿತರೊಬ್ಬರು ಬರುತ್ತಿದ್ದರು. ಒಂದು ಸಲ ಅಜ್ಜಿ ನನ್ನ ಕೈಯನ್ನೂ ಅವರ ಮುಂದೆ ಚಾಚಿಸಿದಳು. ಅವರು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಾಡಿ ಹಿಡಿದಿದ್ದರು. ಕಣ್ಣು ತೆರೆದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಹುಡುಗಿಯ ಗುಂಡಿಗೆಯ ಮೇಲೆ ಕೊಬ್ಬು ಕೂತಿದೆ, ಭಾರದ ಕೆಲಸ ಮಾಡಿಸಬೇಡಿ ಎಂದರು. ಅಷ್ಟೇ ಮಾತು. ಅವರು ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋದರು. ಆ ಮಾತು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಆಗಿನ ಮಧ್ಯಾಹ್ನಗಳು ನನಗೆ ಈಗಲೂ ಅರ್ಧ ಕನಸಿನ ಹಾಗೆ ನೆನಪಿಗೆ ಬರುತ್ತವೆ. ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹುಳುಗಳು ಸೊಪ್ಪು ತಿನ್ನುವಾಗ ಹೊರಗೆ ಸಣ್ಣ ಮಳೆ ಬೀಳುತ್ತಿದೆಯೇನೋ ಎನ್ನಿಸುವಂಥ ಸದ್ದು ಬರುತ್ತದೆ. ನಾನು ಹುಳು ಬಿಟ್ಟಿದ್ದ ತಟ್ಟೆಗಳ ಪಕ್ಕದ ಚಾಪೆಯ ಮೇಲೆ ತೋಳಿಗೆ ಕಿವಿ ಒತ್ತಿಕೊಂಡು ಮಲಗುತ್ತಿದ್ದೆ. ಹುಳುಗಳ ಸದ್ದಿನ ಕೆಳಗೆ ನನ್ನ ಗುಂಡಿಗೆಯ ಸದ್ದು ಕೇಳುತ್ತಿತ್ತು. ಬೆಣ್ಣೆಯ ಮುದ್ದೆಯೊಂದು ಅದರ ಮೇಲೆ ಮೆಲ್ಲಗೆ ಬಂದು ಕೂರುತ್ತಿದೆ, ಕೂತಿದೆ, ಇನ್ನೂ ದೊಡ್ಡದಾಗುತ್ತಿದೆ ಎಂದುಕೊಳ್ಳುತ್ತಲೇ ನಿದ್ದೆ ಹೋಗುತ್ತಿದ್ದೆ. ಭಯವಾಗುತ್ತಿತ್ತೇ ಎಂದು ಕೇಳಿದರೆ ಹೌದೆನ್ನಲಾರೆ. ಸಾಯುವುದೂ ಹಾಗೆಯೇ ಬೆಚ್ಚಗೆ ನಿದ್ದೆ ಬಂದಂತೆ ಇರಬಹುದು ಎಂದುಕೊಂಡಿದ್ದೆ.

ವಿಚಿತ್ರವೆಂದರೆ, ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತು ತರುತ್ತಿದ್ದವಳು ನಾನೇ. ಅಣ್ಣಂದಿರು ದಾರಿಯಲ್ಲಿ ಕುಕ್ಕೆ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ನಾನು ಇಳಿಸುತ್ತಿರಲಿಲ್ಲ. ಪಂಡಿತರ ಮಾತಿಗೂ ಇದಕ್ಕೂ ಹೊಂದುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮದುವೆಯ ವಯಸ್ಸು ಬಂದಾಗ ನೋಡಲು ಬಂದವರು ಉಪ್ಪಿಟ್ಟು ತಿಂದು, ಒಳ್ಳೆಯ ಮಾತಾಡಿ, ಹೋಗಿಬಿಡುತ್ತಿದ್ದರು. ಕಾರಣ ಹೇಗೋ ನಮಗೆ ತಲುಪುತ್ತಿತ್ತು. ಹುಡುಗಿ ಮಾಸ್ತಿ ಸಂತೆಗೆ ಹೋಗಿ ಬರುವಷ್ಟರಲ್ಲಿ ಎದೆ ನಿಂತುಹೋದೀತು ಎಂದು ಯಾರೋ ಅಂದಿದ್ದರಂತೆ.

ನಮ್ಮವರು ಬಂದದ್ದು ಆಮೇಲೆ. ಶ್ರೀನಿವಾಸಪುರದ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರು. ಜೊತೆಯಲ್ಲಿ ಅವರ ತಾಯಿ. ಆಕೆ ನಂಗಲಿ ಕಡೆಯವರು, ಮನೆಮಾತು ತೆಲುಗು. ಕನ್ನಡವನ್ನೂ ತೆಲುಗಿನ ಎಳೆತದಲ್ಲೇ ಆಡುತ್ತಿದ್ದರು. ಹುಡುಗಿಗೆ ಉಸಿರಿನ ಕಾಯಿಲೆಯೇನಾದರೂ ಉಂಟೇ ಎಂದು ಆಕೆ ನೇರವಾಗಿ ಕೇಳಿದರು. ಅಜ್ಜಿ ನನ್ನನ್ನು ಕರೆದು ಬಾವಿಯಿಂದ ನೀರು ಸೇದಿ ತರಲು ಹೇಳಿದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ನಾನು ಅಂಗಳ ದಾಟಿ ಒಳಗೆ ಹೋದೆ. ನಮ್ಮವರು ತಲೆ ಬಗ್ಗಿಸಿ ಕೂತಿದ್ದರು, ನೋಡಿರಲಾರರು ಎಂದುಕೊಂಡೆ. ನೋಡಿದ್ದರಂತೆ. ನೀರು ಒಂದು ತೊಟ್ಟೂ ತುಳುಕಲಿಲ್ಲ, ಅದಕ್ಕೇ ಒಪ್ಪಿದೆ ಎಂದು ಮದುವೆಯಾಗಿ ಎಷ್ಟೋ ತಿಂಗಳಾದ ಮೇಲೆ ಹೇಳಿದರು.

ಮೂವತ್ತರ ದಶಕದ ಮೊದಲ ವರ್ಷಗಳು ಅವು. ಮದುವೆ ಮುಗಿಸಿ ಗಂಡನ ಊರಿಗೆ ಹೊರಟೆವು. ಮಾಲೂರಿನವರೆಗೆ ಎತ್ತಿನ ಗಾಡಿ, ಅಲ್ಲಿಂದ ಬೌರಿಂಗ್‌ಪೇಟೆಗೆ ದೊಡ್ಡ ರೈಲು, ಅಲ್ಲಿಂದ ಕೋಲಾರದ ಮೇಲೆ ಶ್ರೀನಿವಾಸಪುರಕ್ಕೆ ಪುಟ್ಟ ರೈಲು. ಆ ಪುಟ್ಟ ರೈಲನ್ನು ನಾನು ಅವತ್ತೇ ಮೊದಲು ನೋಡಿದ್ದು. ಯಾರೋ ಮಕ್ಕಳಿಗೆಂದು ಮಾಡಿದ್ದಾರೆ ಅನ್ನಿಸುವಷ್ಟು ಸಣ್ಣದು. ಕೋಲಾರದ ಕಲ್ಲುಬೆಟ್ಟ ಕಿಟಕಿಯಲ್ಲಿ ಎಷ್ಟು ಹೊತ್ತಾದರೂ ಹಿಂದೆ ಸರಿಯಲಿಲ್ಲ. ಆಮೇಲೆ ಮಾವಿನ ತೋಪುಗಳು ಬಂದವು. ಹೂ ಬಿಟ್ಟಿದ್ದ ಕಾಲ. ಆ ವಾಸನೆಗೋ, ಗಾಡಿಯ ತೂಗಾಟಕ್ಕೋ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ನನ್ನ ತಲೆ ಅವರ ಹೆಗಲ ಮೇಲಿತ್ತು. ಎದುರಿಗೆ ಅತ್ತೆ ಕೂತು ಹೊರಗೆ ನೋಡುತ್ತಿದ್ದರು. ನಮ್ಮವರ ತೋಳು ಮರಗಟ್ಟಿತ್ತಂತೆ, ಆದರೂ ಅಲುಗಿಸಿರಲಿಲ್ಲ.

ಮನೆ ಸ್ಟೇಷನ್ನಿನ ಹಿಂದೆಯೇ. ಅತ್ತೆಯ ಬದುಕಿನ ಕಥೆ ನನಗೆ ನಿಧಾನವಾಗಿ ತಿಳಿಯಿತು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕಂಡವರ ಹೊಲದಲ್ಲಿ ಕಳೆ ಕಿತ್ತು, ರಾಗಿ ಗಂಜಿ ಕುಡಿಸಿ ಮಗನನ್ನು ಓದಿಸಿದ್ದರು. ಎಷ್ಟೋ ದಿನ ಗಂಜಿ ಒಬ್ಬರಿಗಾಗುವಷ್ಟೇ ಇರುತ್ತಿತ್ತು. ಮಗನಿಗೆ ಕೆಲಸ ಸಿಕ್ಕ ದಿನ, ಇನ್ನು ಈ ಮನೆಯಲ್ಲಿ ಅವನ ತಟ್ಟೆಗೆ ರಾಗಿ ಹಾಕುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದರಂತೆ. ಮಗನಿಗೆ ಬೆಳಿಗ್ಗೆ ದೋಸೆ, ಮಧ್ಯಾಹ್ನ ಬಿಳಿ ಅನ್ನ, ಮೇಲೆ ತುಪ್ಪ, ಸಾಯಂಕಾಲ ರೈಲು ಹೋದ ಮೇಲೆ ಕರಿದದ್ದು ಏನಾದರೂ. ತಟ್ಟೆ ಖಾಲಿಯಾಗುವ ಮೊದಲೇ ಅತ್ತೆಯ ಸೌಟು ಬರುತ್ತಿತ್ತು. “ಇನ್ನೊಂಚೂರು ಹಾಕ್ಸ್ಕೊ ನಾಯನಾ” ಎನ್ನುವ ಆ ಧ್ವನಿಯಲ್ಲಿ ಹಳೆಯ ಹಸಿವೆಲ್ಲ ಇತ್ತು. ಬೇಡವೆನ್ನಲು ನಮ್ಮವರಿಗೆ ಬಾಯಿ ಬರುತ್ತಿರಲಿಲ್ಲ.

ನನಗೆ ಮಾತ್ರ ಅಳತೆ. ಪಂಡಿತರ ಮಾತು ನಮ್ಮ ಕಡೆಯವರಿಂದ ಹೇಗೋ ಅತ್ತೆಯ ಕಿವಿಗೂ ಬಿದ್ದಿತ್ತು. ಅರ್ಧ ಮುದ್ದೆ, ನೀರು ಮಜ್ಜಿಗೆ, ತುಪ್ಪ ಇಲ್ಲ. ಅದು ಹೊಟ್ಟೆಕಿಚ್ಚಿನಿಂದಲ್ಲ. ನೀರಿನ ಕೊಡವನ್ನೂ ನನ್ನ ಕೈಯಿಂದ ಕಿತ್ತುಕೊಂಡು ತಾವೇ ಹೊರುತ್ತಿದ್ದರು. ಸೊಸೆ ಎಲ್ಲಿ ಕೈಬಿಟ್ಟು ಹೋಗುತ್ತಾಳೋ ಎಂದು ನಿಜವಾಗಿಯೂ ಹೆದರಿದ್ದರು. ನಾನು ಹಸಿದುಕೊಂಡೇ ಇರುತ್ತಿದ್ದೆ, ದಪ್ಪ ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ವರ್ಷ ಕಳೆದಂತೆ ನಮ್ಮವರ ಹೊಟ್ಟೆ ಬೆಳೆಯಿತು. ಕೈಕಾಲು ಮದುವೆಯ ದಿನ ಎಷ್ಟು ಸಣ್ಣಗಿದ್ದವೋ ಅಷ್ಟೇ. ಪೃಷ್ಠವೆಂಬುದೇ ಇರಲಿಲ್ಲ, ಪಂಚೆ ಜಾರುತ್ತಿತ್ತು. ಹೊಟ್ಟೆ ಮಾತ್ರ ಗಟ್ಟಿಯಾಗಿ, ಗುಂಡಗೆ, ಮುಂದಕ್ಕೆ ಬಂತು. ನನ್ನ ಮೈ ಒತ್ತಿದರೆ ಹಿಟ್ಟಿನ ಹಾಗೆ ಒಳಗೆ ಹೋಗುತ್ತಿತ್ತು, ಅವರ ಹೊಟ್ಟೆ ಒತ್ತಿದರೆ ನಗಾರಿಯ ಹಾಗಿತ್ತು. ನಾನು ವರ್ಷ ವರ್ಷವೂ ಅವರ ಕರಿ ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ ಬಟ್ಟೆ ಸೇರಿಸುತ್ತಿದ್ದೆ. ರೈಲಿಗೆ ಬಂದವರು ತೆಳ್ಳಗಿದ್ದ ಸ್ಟೇಷನ್ ಮಾಸ್ತರರನ್ನು ಬಿಟ್ಟು ಇವರಿಗೇ ಕೈಮುಗಿಯುತ್ತಿದ್ದರು. ಅವರು ಅದನ್ನು ಮನೆಗೆ ಬಂದು ಹೇಳಿ ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಅವರ ಮಟ್ಟಿಗೆ ಅದು ನ್ಯಾಯವಾಗಿಯೇ ಸಂದ ಗೌರವ.

ನಮಗೆ ಮಕ್ಕಳಾಗಲಿಲ್ಲ. ಅದನ್ನು ಇಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ನಮ್ಮಿಬ್ಬರ ದಿನಗಳು ರೈಲು ಬರುವುದು, ಹೋಗುವುದು, ಮಾವು ಹೂ ಬಿಡುವುದು, ಕಾಯಿ ಗಾಡಿ ತುಂಬುವುದು, ಇವುಗಳ ನಡುವೆ ತೂಗಿಕೊಂಡು ಸಾಗಿದವು. ಯಾವ ವರ್ಷ ಯಾವುದಾಯಿತು ಎಂದು ಈಗ ಬಿಡಿಸಿ ಹೇಳಲಾರೆ.

ನಮ್ಮವರಿಗೆ ನಿದ್ದೆ ಹೆಚ್ಚಾದದ್ದು ಯಾವಾಗ ಎಂಬುದೂ ಸರಿಯಾಗಿ ನೆನಪಿಲ್ಲ. ಟಿಕೆಟ್ ಕಿಟಕಿಯ ಹಿಂದೆ ಕೂತಲ್ಲೇ ತೂಕಡಿಸುತ್ತಿದ್ದರು. ಗೊರಕೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಹೊರಗೆ ನಿಂತ ಹಳ್ಳಿಯವರು ಸಾಹೇಬರನ್ನು ಎಬ್ಬಿಸಲು ಹಿಂಜರಿದು ರೈಲಿನ ಸಿಳ್ಳು ಕೇಳುವ ತನಕ ಕಾಯುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಅಂಗಾತ ಮಲಗುತ್ತಿದ್ದವರು ಒಂದು ದಿಂಬು ಕೇಳಿದರು. ಆಮೇಲೆ ಎರಡು. ಆಮೇಲೆ ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚತೊಡಗಿದರು. ಮಲಗಿದರೆ ಯಾರೋ ಎದೆ ಮೇಲೆ ಕೂತ ಹಾಗಾಗುತ್ತೆ ಕಣೇ, ಸೆಕೆ ಇರಬೇಕು ಎಂದರು. ನಾನೂ ಸೆಕೆಯೇ ಎಂದುಕೊಂಡು ಬೀಸಣಿಗೆ ತೆಗೆದುಕೊಂಡು ಕೂತೆ.

ಅಂಥದೇ ಒಂದು ಮಧ್ಯಾಹ್ನ. ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಹಿತ್ತಲಿನಲ್ಲಿದ್ದರು. ಹೊರಗೆ ಹಳಿಗಳ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಬೀಸಿ ಬೀಸಿ ನನಗೇ ತೂಕಡಿಕೆ ಬಂದು, ಅವರ ಎದೆಗೆ ತಲೆ ಇಟ್ಟು ಒರಗಿದೆ. ಕಿವಿಯೊಳಗೆ ಒಂದು ಸದ್ದು ಬಂತು. ಚಿಕ್ಕಂದಿನಿಂದ ನನಗೆ ಪರಿಚಯವಿದ್ದದ್ದು ಎರಡು ಸದ್ದು, ನಡುವೆ ಒಂದಿಷ್ಟು ಬಿಡುವು. ಇದು ಮೂರಿತ್ತು, ಬಿಡುವಿರಲಿಲ್ಲ. ಯಾವುದೋ ಜಟಕಾ ಕುದುರೆ ದೂರದಲ್ಲಿ ಓಡುತ್ತಿದೆ, ಎಲ್ಲಿಗೂ ತಲುಪುತ್ತಿಲ್ಲ ಎನ್ನುವ ಹಾಗೆ.

ನಾನು ಎದ್ದು ಕೂತೆ. ಇಷ್ಟು ವರ್ಷ ಹೇಳುತ್ತಿದ್ದದ್ದು ಬಂತು, ನನ್ನ ಗುಂಡಿಗೆ ಕೆಟ್ಟಿತು ಎಂದುಕೊಂಡೆ. ಕಿವಿ ಇಟ್ಟಿದ್ದದ್ದು ಅವರ ಎದೆಯ ಮೇಲೆ ಎನ್ನುವುದು ತಲೆಗೆ ಹೋಗಲೇ ಇಲ್ಲ. ಕೆಟ್ಟ ಗುಂಡಿಗೆ ಎಂದರೆ ನನ್ನದೇ ಎಂದು ಅಷ್ಟು ಗಟ್ಟಿಯಾಗಿ ನಂಬಿದ್ದೆ.

ಸಂಜೆ ಅತ್ತೆಗೆ ಹೇಳಿದೆ. ಅವರು ಹುಣಸೆಹಣ್ಣಿನ ಕೈಯಲ್ಲೇ ನನ್ನ ಭುಜ ಹಿಡಿದುಕೊಂಡು ಅತ್ತುಬಿಟ್ಟರು. ಆ ವಾರದಲ್ಲೇ ಮೂವರೂ ಕೋಲಾರದ ಆಸ್ಪತ್ರೆಗೆ ಹೊರಟೆವು. ರೈಲಿನಲ್ಲಿ ನನಗೆ ಕಾಲು ಚಾಚಲು ಒಂದು ಬೆಂಚು ಪೂರ್ತಿ ಬಿಟ್ಟುಕೊಟ್ಟರು. ಸ್ಟೇಷನ್ನಿನಿಂದ ಆಸ್ಪತ್ರೆಗೆ ಜಟಕಾದಲ್ಲಿ ನನ್ನನ್ನೂ ಅತ್ತೆಯನ್ನೂ ಕೂರಿಸಿ, ಕುದುರೆಗೆ ಭಾರವಾಗುತ್ತೆ ಎಂದು ನಮ್ಮವರು ಚೀಲ ಹಿಡಿದುಕೊಂಡು ಹಿಂದೆ ನಡೆದು ಬಂದರು.

ಡಾಕ್ಟರು ಮಧ್ಯವಯಸ್ಸಿನವರು, ತೆಳ್ಳನೆಯ ಮನುಷ್ಯ. ಅತ್ತೆಯ ಜೊತೆ ತೆಲುಗಿನಲ್ಲೇ ಮಾತಾಡಿದರು. ನನ್ನ ಎದೆ, ಬೆನ್ನು ಕೇಳಿದರು. ತೋಳಿಗೆ ಪಟ್ಟಿ ಸುತ್ತಿ ಪಾದರಸ ಏರುವುದನ್ನು ನೋಡಿದರು. ಕಾಲು ಒತ್ತಿ ನೋಡಿದರು. ಆಮೇಲೆ ಆಸ್ಪತ್ರೆಯ ಮೆಟ್ಟಿಲು ಇಳಿದು ಹತ್ತಿ ಬನ್ನಿ ಎಂದರು, ಇನ್ನೊಮ್ಮೆ ಎಂದರು. ಅತ್ತೆ ಬೇಡವೆಂದು ಕೈ ಮುಗಿದರೂ ನಾನು ಇಳಿದು ಹತ್ತಿದೆ. ಮತ್ತೆ ನನ್ನ ಎದೆ ಕೇಳಿದರು. ಈಕೆಯ ಹೃದಯಕ್ಕೆ ಏನೂ ಆಗಿಲ್ಲ, ಚೆನ್ನಾಗಿದೆ ಎಂದರು.

ನಾನು ನಂಬಲಿಲ್ಲ. ಕಿವಿಯಾರೆ ಕೇಳಿದ್ದೇನೆ ಎಂದೆ. ಯಾವಾಗ ಕೇಳಿದಿರಿ, ಹೇಗೆ ಕೇಳಿದಿರಿ ಎಂದು ಅವರು ಕೇಳಿದರು. ಅತ್ತೆಯ ಎದುರಿಗೆ ಅದನ್ನು ಹೇಳುವುದು ನನ್ನ ಜೀವನದಲ್ಲೇ ಕಷ್ಟವಾದ ಮಾತು. ನೆಲ ನೋಡುತ್ತಾ, ಮಧ್ಯಾಹ್ನ ಯಜಮಾನರ ಎದೆಗೆ ಒರಗಿಕೊಂಡಿದ್ದೆ, ಆಗ ಎಂದೆ.

ಡಾಕ್ಟರು ಕುರ್ಚಿಯಿಂದ ಎದ್ದರು. ಬಾಗಿಲ ಕಡೆ ತಿರುಗಿದರು. ಅಲ್ಲಿ ನಮ್ಮವರು ಬಾಗಿಲ ಚೌಕಟ್ಟಿಗೆ ಒರಗಿ, ಚೀಲವನ್ನು ಇನ್ನೂ ಕೆಳಗಿಡದೆ, ಬಾಯಿ ತೆರೆದು ಉಸಿರಾಡುತ್ತಿದ್ದರು. ನಾವು ಬಂದು ಎಷ್ಟೋ ಹೊತ್ತಾಗಿತ್ತು. ನಾನು ಮೆಟ್ಟಿಲು ಎರಡು ಸಲ ಹತ್ತಿಯೂ ಆಗಿತ್ತು.

“ಸ್ವಾಮಿ, ನೀವು ಸ್ವಲ್ಪ ಇಲ್ಲಿ ಬಂದು ಕೂತ್ಕೊಳ್ಳಿ.”

“ನನಗೇನಿಲ್ಲ ಸಾರ್, ಇವಳನ್ನ ನೋಡಿ.”

“ಇವರನ್ನ ನೋಡಾಯ್ತು. ನೀವು ಬನ್ನಿ.”

ಅವರನ್ನು ಬಹಳ ಹೊತ್ತು ನೋಡಿದರು. ಪಾದರಸ ನನಗೆ ಏರಿದ್ದಕ್ಕಿಂತ ಎಷ್ಟೋ ಮೇಲೆ ಹೋಯಿತು. ಟೇಪು ತಂದು ಎದೆಗೆ ಸುತ್ತಿದರು, ಹೊಟ್ಟೆಗೆ ಸುತ್ತಿದರು. ಹೊಟ್ಟೆ ಎದೆಯನ್ನು ಮೀರಿತ್ತು. ಆಮೇಲೆ ಒಂದು ಕೆಲಸ ಮಾಡಿದರು, ಅದನ್ನು ನಾನು ಮರೆಯಲಾರೆ. ಕಿವಿಗೆ ಹಾಕುವ ಕೊಳವೆಯನ್ನು ನನಗೆ ಕೊಟ್ಟು, ಮೊದಲು ನನ್ನ ಎದೆಯ ಮೇಲೆ ನನ್ನ ಕೈಯಿಂದಲೇ ಇಡಿಸಿದರು. ಹುಳುಗಳ ಮನೆಯಲ್ಲಿ ಮಲಗಿದ್ದಾಗ ಕೇಳುತ್ತಿದ್ದ ಅದೇ ಎರಡು ಸದ್ದು, ಹತ್ತಿರದಿಂದ, ಸ್ವಚ್ಛವಾಗಿ ಕೇಳಿತು. ಆಮೇಲೆ ನಮ್ಮವರ ಎದೆಯ ಮೇಲೆ ಇಟ್ಟರು. ಕುದುರೆ ಓಡುತ್ತಿತ್ತು.

“ಕುದುರೆ ಓಡೋ ಥರ ಇದೆಯಲ್ಲಮ್ಮ? ನಾವು ಡಾಕ್ಟರುಗಳೂ ಅದನ್ನ ಹಾಗೇ ಕರೀತೀವಿ. ಹೃದಯ ಸುಸ್ತಾದಾಗ ಬರೋ ಸದ್ದು ಅದು.”

ಅತ್ತೆ ಒಪ್ಪಲಿಲ್ಲ. ದಪ್ಪಗಿರುವವಳು ಇವಳು, ನನ್ನ ಮಗನ ಕೈಕಾಲು ನೋಡಿ, ಕಡ್ಡಿಯ ಹಾಗಿವೆ ಎಂದು ವಾದಿಸಿದರು. ಡಾಕ್ಟರಿಗೆ ಕೋಪ ಬರಲಿಲ್ಲ. ಸ್ಟೂಲು ಎಳೆದುಕೊಂಡು ಅತ್ತೆಯ ಎದುರು ಕೂತರು.

“ಕೊಬ್ಬು ಎಷ್ಟಿದೆ ಅನ್ನೋದೊಂದೇ ಅಲ್ಲಮ್ಮ, ಎಲ್ಲಿದೆ ಅನ್ನೋದೂ ಮುಖ್ಯ. ನಾನು ಓದೋವಾಗ ಹೆಣ ಕೊಯ್ದು ನೋಡಿದೀನಿ. ನಿಮ್ಮ ಸೊಸೆಯಂಥೋರಿಗೆ ಅದು ಚರ್ಮದ ಕೆಳಗೆ, ತೊಡೇಲಿ, ಸೊಂಟದಲ್ಲಿ ಇರುತ್ತೆ. ನಿಮ್ಮ ಮಗನಂಥೋರಿಗೆ ಒಳಗೆ, ಕರುಳಿನ ಸುತ್ತ, ಈಲಿ ಅಂದ್ರೆ ಲಿವರ್ ಸುತ್ತ ತುಂಬಿರುತ್ತೆ. ಹೃದಯದ ಮೇಲೂ ಹೊದಿಕೆ ಥರ ಕೂತಿರುತ್ತೆ. ಇಷ್ಟು ದೊಡ್ಡ ಹೊಟ್ಟೆಗೆಲ್ಲ ರಕ್ತ ತಳ್ಳಿ ತಳ್ಳಿ ಹೃದಯ ಹಿಗ್ಗಿಹೋಗಿದೆ. ಉಸಿರು ಎಳೆಯೋಕೂ ಹೊಟ್ಟೆ ಜಾಗ ಬಿಡ್ತಾ ಇಲ್ಲ.”

ಯಾಕೆ ಒಬ್ಬರಿಗೆ ಅಲ್ಲಿ, ಒಬ್ಬರಿಗೆ ಇಲ್ಲಿ ಎಂದು ನಾನು ಕೇಳಿದೆ. ಅದು ತಮಗೂ ಗೊತ್ತಿಲ್ಲ, ಗಂಡಸರಲ್ಲಿ ಹೀಗೆ ಹೆಚ್ಚು, ಹೆಂಗಸರಲ್ಲಿ ಹಾಗೆ ಹೆಚ್ಚು, ಕಂಡದ್ದನ್ನು ಹೇಳುತ್ತಿದ್ದೇನೆ ಅಷ್ಟೆ ಎಂದರು. ನನಗೂ ಎಚ್ಚರಿಕೆ ಹೇಳಿದರು. ವಯಸ್ಸಾದ ಮೇಲೆ ಮೈ ಹೊಟ್ಟೆಯ ಕಡೆ ತಿರುಗಬಹುದು, ಮಂಡಿ ನೋಯಬಹುದು, ದಪ್ಪ ಎಂದರೆ ಒಳ್ಳೆಯದೆಂದು ತಿಳಿಯಬೇಡಿ ಎಂದರು.

ನಮ್ಮವರನ್ನು ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಬರೀ ಹಾಲು ಕೊಟ್ಟರು, ಲೆಕ್ಕವಾಗಿ ಹನಿ ಹಾಕಿ ಕುಡಿಸುವ ಒಂದು ಔಷಧಿ ಕೊಟ್ಟರು. ನಾನು ಮಂಚದ ಪಕ್ಕದ ನೆಲದ ಮೇಲೆ ಇರುತ್ತಿದ್ದೆ. ವಾರ್ಡಿನ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ಬೆಳಿಗ್ಗೆ ಅದರ ಬಂಡೆಗಳು ಮಂಜಿನಲ್ಲಿ ತೇಲುತ್ತಿದ್ದವು. ಅವರು ಅದನ್ನೇ ನೋಡುತ್ತಾ, ನಿನ್ನ ಎದೆ ಕೇಳಿಸೋಕೆ ಬಂದು ನಾನು ಮಲಗಿದೆನಲ್ಲೇ ಎಂದು ನಗಲು ನೋಡಿದರು. ನನಗೆ ನಗು ಬರಲಿಲ್ಲ. ನನ್ನ ಗುಂಡಿಗೆ ಗಟ್ಟಿ ಎಂದು ಸಂತೋಷಪಡಬೇಕಾದ ದಿನಗಳು ಅವು. ಅದನ್ನು ಬಿಚ್ಚಿ ಅವರಿಗೆ ಕೊಡಲು ಬರುವುದಾದರೆ ಎಂದು ಯೋಚಿಸುತ್ತಾ ಕೂತಿದ್ದೆ.

ಊರಿಗೆ ಬಂದ ಮೇಲೆ ಉಪ್ಪು ಕಡಿಮೆ, ಅನ್ನ ಕಡಿಮೆ, ತುಪ್ಪ, ಎಣ್ಣೆ ಬೇಡ ಎಂದು ಡಾಕ್ಟರು ಹೇಳಿದ್ದನ್ನು ನಾನು ಅತ್ತೆಗೆ ನೆನಪಿಸಿದೆ. ಅತ್ತೆ ಹೂಂ ಎಂದರು. ಆದರೆ ನಾನು ಹಿತ್ತಲಿಗೆ ಹೋದಾಗ ಸಾರಿಗೆ ಉಪ್ಪು ಬೀಳುತ್ತಿತ್ತು. ಅನ್ನದ ಕೆಳಗೆ ತುಪ್ಪ ಅಡಗಿರುತ್ತಿತ್ತು. ಕಾಯಿಲೆಯ ಮಗನಿಗೆ ತಿನ್ನಲು ಕೊಡಬೇಡ ಎಂದು ಹೇಳುವ ಡಾಕ್ಟರನ್ನು ಅವರು ಹೇಗೆ ನಂಬಿಯಾರು? ನಮ್ಮವರೂ ಸುಮ್ಮನೆ ತಿನ್ನುತ್ತಿದ್ದರು. ತಾಯಿಯ ಮನಸ್ಸು ನೋಯಿಸುವುದಕ್ಕಿಂತ ಅವರಿಗೆ ಅದೇ ಸುಲಭವಾಗಿತ್ತು.

ಒಂದು ಬೆಳಿಗ್ಗೆ ಅವರ ಕಾಲು ಬೂಟಿನೊಳಗೆ ಹೋಗಲಿಲ್ಲ. ಎರಡೂ ಪಾದಗಳು ಊದಿ ಹೊಳೆಯುತ್ತಿದ್ದವು. ನಾನು ಅತ್ತೆಯನ್ನು ಕರೆದು, ಇಲ್ಲಿ ಹೆಬ್ಬೆರಳು ಒತ್ತಿ ಎಂದೆ. ಅವರು ಒತ್ತಿ ಬೆರಳು ತೆಗೆದರು. ಗುಳಿ ಹಾಗೆಯೇ ನಿಂತಿತು. ಹಸಿ ಮಣ್ಣಿನಲ್ಲಿ ಒತ್ತಿದ ಗುರುತಿನ ಹಾಗೆ, ಮೇಲೆದ್ದು ಬರಲೇ ಇಲ್ಲ. ಅತ್ತೆ ಅದನ್ನು ನೋಡುತ್ತಾ ನೆಲದ ಮೇಲೆ ಕೂತುಬಿಟ್ಟರು. ಮಗನ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡರು.

“ಇದನ್ನ ನಾನೇ ತುಂಬಿಸ್ದೆನೇನಮ್ಮಾ?” ಎಂದು ನನ್ನನ್ನು ಕೇಳಿದರು.

ಇಲ್ಲ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ನಮ್ಮವರೇ ಬಗ್ಗಿ ತಾಯಿಯ ತಲೆಯ ಮೇಲೆ ಕೈ ಇಟ್ಟರು. “ನೀನು ಹಾಕಿದ್ದು ಪ್ರೀತಿ ಕಣಮ್ಮಾ. ಸಾಕು ಅನ್ನೋದನ್ನ ನಾನು ಕಲೀಲಿಲ್ಲ, ಅಷ್ಟೆ.”

ಆ ಮಧ್ಯಾಹ್ನ ಅತ್ತೆ ರಾಗಿ ಬೀಸುವ ಕಲ್ಲಿನ ಮುಂದೆ ಮಗನಿಗೂ ಸೇರಿಸಿ ಬೀಸಲು ಕೂತರು. ದೇವರ ಮುಂದೆ ಹೇಳಿಕೊಂಡಿದ್ದನ್ನು ಹೇಗೆ ಹಿಂತೆಗೆದುಕೊಂಡರೋ ನಾನು ಕೇಳಲಿಲ್ಲ. ಅವರು ಕಣ್ಣು ಮುಚ್ಚಿ ಬೀಸುತ್ತಿದ್ದರು, ತೆಲುಗಿನಲ್ಲಿ ಏನೋ ಹಾಡಿಕೊಳ್ಳುತ್ತಿದ್ದರು. ನಂಗಲಿಯ ಯಾವುದೋ ಹಳೆಯ ಬೆಳಗಿಗೆ ಹೋಗಿಬಿಟ್ಟಿದ್ದಾರೆ ಎನ್ನಿಸಿತು. ಉಪ್ಪಿಲ್ಲದ ಸೊಪ್ಪಿನ ಸಾರಿಗೆ ಹುಣಸೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ರುಚಿ ತರುವುದನ್ನು ಅವರಷ್ಟು ಚೆನ್ನಾಗಿ ಬಲ್ಲವರನ್ನು ನಾನು ಕಂಡಿಲ್ಲ. ಉಪ್ಪಿಗೂ ಗತಿಯಿಲ್ಲದ ದಿನಗಳಲ್ಲಿ ಕಲಿತಿದ್ದಂತೆ. ಅವತ್ತೇ ನನ್ನ ತಟ್ಟೆಗೂ ಪೂರ್ತಿ ಮುದ್ದೆ ಬಂತು. ನಾನು ತಲೆ ಎತ್ತಿ ನೋಡಿದಾಗ, ನಿನಗೇನೂ ಆಗಲ್ಲಂತಲ್ಲ, ತಿನ್ನು ಎಂದರು, ನನ್ನ ಮುಖ ನೋಡದೆ.

ಅಷ್ಟರಲ್ಲಿ ಯುದ್ಧ ಬಂತು. ಅಕ್ಕಿ ಕಂಟ್ರೋಲ್ ಆಗಿ ಸರ್ಕಾರ ಅಳೆದು ಕೊಟ್ಟಷ್ಟೇ ಸಿಗುವಂತಾಯಿತು, ಸಕ್ಕರೆ, ಸೀಮೆಎಣ್ಣೆ ಎಲ್ಲ ಕಂಟ್ರೋಲ್. ಊರೆಲ್ಲ ಅನ್ನಕ್ಕೆ ಪರದಾಡುತ್ತಿದ್ದಾಗ ನಮ್ಮ ಮನೆ ಆಗಲೇ ಮುದ್ದೆಗೆ ಹೊಂದಿಕೊಂಡಾಗಿತ್ತು. ಮನಸ್ಸು ಅನ್ನದ ಕಡೆ ಜಾರೋಣವೆಂದರೂ ಮನೆಯಲ್ಲಿ ಅನ್ನವಿರಲಿಲ್ಲ. ಇತರರಿಗೆ ಕಷ್ಟವಾದ ವರ್ಷಗಳು ನಮ್ಮವರಿಗೆ ಔಷಧಿಯಾದವು ಎಂದು ಹೇಳಲು ನನಗೆ ಈಗಲೂ ಸಂಕೋಚವಾಗುತ್ತದೆ.

ಬೆಳಗಿನ ರೈಲು ಹೋದ ಮೇಲೆ ಹಳಿಯ ಪಕ್ಕದ ಕಾಲುದಾರಿಯಲ್ಲಿ ಇಬ್ಬರೂ ನಡೆಯಲು ಶುರುಮಾಡಿದೆವು. ಮೊದಮೊದಲು ಸಿಗ್ನಲ್ ಕಂಬದವರೆಗೆ ಹೋಗಿ, ಅವರು ಅದನ್ನು ಹಿಡಿದುಕೊಂಡು ನಿಲ್ಲುತ್ತಿದ್ದರು. ನಾನು ಏನೂ ಕಾಣದವಳ ಹಾಗೆ ಹೊಲದ ಕಡೆ ನೋಡುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಮಾವಿನ ತೋಪಿನವರೆಗೆ ಹೋಗತೊಡಗಿದೆವು. ಗಂಡ ಹೆಂಡತಿ ಕೈಯಲ್ಲಿ ಏನೂ ಇಲ್ಲದೆ ಸುಮ್ಮಸುಮ್ಮನೆ ನಡೆಯುವುದನ್ನು ಆ ಊರು ಕಂಡಿರಲಿಲ್ಲ. ಕುರಿ ಕಾಯುವ ಮುದುಕನೊಬ್ಬ ಏನು ಕಳಕೊಂಡ್ರಿ ಸ್ವಾಮಿ, ನಾನೂ ಹುಡುಕ್ಲಾ ಎಂದು ಕೇಳಿದ. ಹೊಟ್ಟೆ ಕಳಕೊಳ್ಳೋಕೆ ಬಂದಿದೀನಪ್ಪ ಎಂದರು ನಮ್ಮವರು. ಮುದುಕನಿಗೆ ಅರ್ಥವಾಗಲಿಲ್ಲ. ಆದರೂ ಸ್ವಲ್ಪ ದೂರ ನಮ್ಮ ಜೊತೆಯೇ ನಡೆದು ಬಂದ.

ನಾನು ಬಿಚ್ಚಿ ಅಗಲ ಮಾಡಿದ್ದ ಕೋಟನ್ನು ಮತ್ತೆ ಕೂತು ಕಿರಿದು ಮಾಡಿದೆ. ಅವರು ಒಂದೇ ದಿಂಬಿನಲ್ಲಿ ಮಲಗುವ ಹಾಗಾದರು. ಒಂದು ಮಧ್ಯಾಹ್ನ ಅವರು ನಿದ್ದೆಯಲ್ಲಿದ್ದಾಗ ಎದೆಗೆ ಕಿವಿ ಇಟ್ಟೆ. ಎರಡು ಸದ್ದು, ನಡುವೆ ಬಿಡುವು. ಸ್ವಲ್ಪ ಅವಸರವಿತ್ತು, ಆದರೆ ಎರಡೇ. ನಾನು ಅಲುಗಾಡದೆ ಕೇಳುತ್ತಾ ಹಾಗೆಯೇ ಇದ್ದೆ.

ಆ ಡಾಕ್ಟರಿಗೆ ಹೇಳಬೇಕೆಂದು ಕೋಲಾರಕ್ಕೆ ಹೋದೆವು. ಅವರು ಯುದ್ಧಕ್ಕೆ ಹೋಗಿದ್ದರು. ಅವರ ಕುರ್ಚಿಯಲ್ಲಿ ಕೂತಿದ್ದ ಹೊಸಬರು ನಮ್ಮವರನ್ನು ಪರೀಕ್ಷೆ ಮಾಡಿ, ಹೃದಯ ಇನ್ನೂ ದೊಡ್ಡದಾಗಿಯೇ ಇದೆ, ಆದರೆ ಸಮಾಧಾನವಾಗಿದೆ, ಹನಿ ಔಷಧಿ ಬಿಡಬೇಡಿ ಎಂದರು. ಹಳೆಯವರು ಎಲ್ಲಿದ್ದಾರೆ ಎಂದು ಅವರಿಗೂ ಗೊತ್ತಿರಲಿಲ್ಲ. ಯುದ್ಧ ಮುಗಿದ ಮೇಲೂ ಅವರು ಕೋಲಾರಕ್ಕೆ ಬರಲಿಲ್ಲ. ಅವರ ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ. ಸ್ಟೂಲು ಎಳೆದುಕೊಂಡ ಸದ್ದು ನೆನಪಿದೆ.

ನಲವತ್ತರ ದಶಕದ ಕೊನೆಯಲ್ಲಿ ಅಕ್ಕಿ ಮತ್ತೆ ಕೈಗೆ ಸಿಗುವ ಹಾಗಾಯಿತು. ಅದಕ್ಕೆ ಸ್ವಲ್ಪ ಮೊದಲೇ ಅತ್ತೆ ತೀರಿಕೊಂಡಿದ್ದರು, ಯಾವ ನರಳಾಟವೂ ಇಲ್ಲದೆ, ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದಲ್ಲೇ. ನಮ್ಮವರು ಆಮೇಲೂ ಬಹಳ ವರ್ಷ ಇದ್ದರು. ಪೂರ್ತಿ ಗುಣವಾದರು ಎಂದು ಹೇಳಲಾರೆ. ದಿಬ್ಬ ಹತ್ತುವಾಗ ನಿಲ್ಲುತ್ತಿದ್ದರು, ಮಳೆಗಾಲದಲ್ಲಿ ಕಾಲು ಒಮ್ಮೊಮ್ಮೆ ಊದುತ್ತಿತ್ತು. ಆದರೆ ಕೆಲಸ ಮುಗಿಸಿ ನಿವೃತ್ತಿಯಾಗುವ ತನಕ ಆ ಟಿಕೆಟ್ ಕಿಟಕಿಯ ಹಿಂದೆ ಎಚ್ಚರವಾಗಿ ಕೂತರು. ನಾನು ಅಂದಿನಷ್ಟೇ ದಪ್ಪಗಿದ್ದೇನೆ. ಡಾಕ್ಟರು ಹೇಳಿದ ಹಾಗೆ ಮಂಡಿ ನೋಯುತ್ತದೆ.

ಅಕ್ಕಿ ಬಂದ ವರ್ಷದ ಒಂದು ಬೆಳಗು ಆಗಾಗ ಕಣ್ಣ ಮುಂದೆ ಬರುತ್ತದೆ. ಅವತ್ತು ನಮ್ಮವರಿಗೆ ರಜೆ, ಮಂಜು ಕವಿದಿತ್ತು. ತೋಪಿನ ತಿರುವಿನಲ್ಲಿ ಪುಟ್ಟ ರೈಲು ತಡವಾಗಿ, ಬಹಳ ನಿಧಾನವಾಗಿ ನಮ್ಮ ಪಕ್ಕದಲ್ಲೇ ಬಂತು. ಡ್ರೈವರು ನಮ್ಮವರ ಗುರುತಿನವನು. ಕೈ ಚಾಚಿ, ಹತ್ತಿ ಬಿಡಿ ಇಬ್ರೂ, ಸ್ಟೇಷನ್ನಿಗೆ ಬಿಡ್ತೀನಿ ಎಂದ. ನಮ್ಮವರು ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆ ಆಡಿಸಿದೆ. ನೀನು ಹೋಗಪ್ಪ, ನಾವು ನಡ್ಕೊಂಡೇ ಬರ್ತೀವಿ ಎಂದರು. ಗಾಡಿ ಮಂಜಿನೊಳಗೆ ಹೋಯಿತು. ಸ್ವಲ್ಪ ಹೊತ್ತು ಹಳಿ ಮಾತ್ರ ಸದ್ದು ಮಾಡುತ್ತಿತ್ತು. ಅವರು ಪಂಚೆ ಎತ್ತಿ ಕಟ್ಟಿಕೊಂಡರು, ನಾನು ಸೆರಗು ಹೊದ್ದುಕೊಂಡೆ.